ಮುಳುಗಿದ ಹಡಗಿನಿಂದ ಮನೆತನದ ಜಾಡು

2024ರ ಮೇ 8ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ಹಳೆಯ ಹಡಗೊಂದರ ಬೆಳ್ಳಿಯ ಬಗ್ಗೆ ತೀರ್ಪು ಕೊಟ್ಟಿತು. ಹಡಗಿನ ಹೆಸರು ಎಸ್.ಎಸ್. ತಿಲಾವಾ. ಮುಂಬೈಯಿಂದ ಆಫ್ರಿಕಾಕ್ಕೆ ಹೊರಟಿದ್ದ ಅದನ್ನು 1942ರ ನವೆಂಬರ್‌ನಲ್ಲಿ ಜಪಾನಿನ ಜಲಾಂತರ್ಗಾಮಿಯೊಂದು ಹಿಂದೂ ಮಹಾಸಾಗರದ ನಡುವೆ ಮುಳುಗಿಸಿತ್ತು. ಹಡಗಿನ ಜೊತೆ ಮುಳುಗಿದ್ದ 2,364 ಬೆಳ್ಳಿ ಗಟ್ಟಿಗಳನ್ನು 2017ರಲ್ಲಿ ಖಾಸಗಿ ಕಂಪನಿಯೊಂದು ಸುಮಾರು ಎರಡೂವರೆ ಕಿಲೋಮೀಟರ್ ಆಳದಿಂದ ಮೇಲೆತ್ತಿತು. ನಾಣ್ಯ ಟಂಕಿಸಲು ದಕ್ಷಿಣ ಆಫ್ರಿಕಾ ಕೊಂಡಿದ್ದ ಬೆಳ್ಳಿ ಅದು. ಎತ್ತಿದ ಕಂಪನಿ ತನ್ನ ಪಾಲು ಕೇಳಿತು. ಕೋರ್ಟು ದಕ್ಷಿಣ ಆಫ್ರಿಕಾದ ಪರವಾಗಿ ತೀರ್ಪು ಕೊಟ್ಟಿತು.

ಅದೇ ಹಡಗಿನಲ್ಲಿ 958 ಜನ ಇದ್ದರು. 732 ಪ್ರಯಾಣಿಕರು, 222 ಸಿಬ್ಬಂದಿ, ನಾಲ್ವರು ಫಿರಂಗಿ ಚಾಲಕರು. ಸತ್ತವರು 280. ಬೆಳ್ಳಿ ಎಷ್ಟಿತ್ತು, ಯಾರದಾಗಿತ್ತು ಎಂಬುದಕ್ಕೆ ಕಾಗದಪತ್ರಗಳು ಕ್ರಮವಾಗಿ ಉಳಿದಿದ್ದವು. ತಮ್ಮ ಅಜ್ಜ ಆ 280 ಜನರಲ್ಲಿ ಒಬ್ಬನಾಗಿದ್ದನೇ, ಅವನ ಕೊನೆ ಹೇಗಾಯಿತು ಎಂದು ತಿಳಿಯಲು ಹೊರಟ ಮೊಮ್ಮಕ್ಕಳಿಗೆ ಅಂಥ ಅನುಕೂಲ ಇರಲಿಲ್ಲ. ಮುಂಬೈಯಲ್ಲಿ ಈ ದುರಂತದ ಸ್ಮರಣೆಗೆಂದು ಕುಟುಂಬಗಳು ಒಟ್ಟಾಗಿ ಸೇರಿದ್ದು 80 ವರ್ಷ ಕಳೆದ ಮೇಲೆ, 2022ರ ನವೆಂಬರ್ 23ರಂದು.

ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂಥ ಒಂದು ಸಾಲಿನ ಕಥೆ ಇದೆ. ‘ಅಜ್ಜನ ತಮ್ಮ ಬೊಂಬಾಯಿಯಿಂದ ಹಡಗು ಹತ್ತಿದವನು, ಮತ್ತೆ ಬರಲಿಲ್ಲ.’ ಅಲ್ಲಿಗೆ ಕಥೆ ನಿಂತುಬಿಡುತ್ತದೆ. ಯಾವ ಹಡಗು, ಯಾವ ವರ್ಷ, ಪ್ರಯಾಣಿಕನಾಗಿಯೋ ಖಲಾಸಿಯಾಗಿಯೋ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಆದರೂ ಈ ಒಂದು ಸಾಲಿನಿಂದ ಬಹಳ ದೂರ ಹೋಗಬಹುದು. ಹಡಗಿನ ದುರಂತ ಎಂದರೆ ಸರ್ಕಾರ, ಕಂಪನಿ, ವಿಮೆ, ಪತ್ರಿಕೆ, ನ್ಯಾಯಾಲಯ ಎಲ್ಲವೂ ಒಟ್ಟಿಗೆ ಕಾಗದ ಹುಟ್ಟಿಸುವ ಘಟನೆ. ಊರಲ್ಲಿ ಜ್ವರ ಬಂದು ಸತ್ತ ಅಜ್ಜನಿಗಿಂತ ಕಡಲಲ್ಲಿ ಸತ್ತ ಅಜ್ಜನ ಬಗ್ಗೆ ಹೆಚ್ಚು ದಾಖಲೆ ಸಿಗುವ ಸಾಧ್ಯತೆ ಇದೆ.

ತಿಥಿಯಿಂದ ತಾರೀಖಿಗೆ

ಮೊದಲು ಗೊತ್ತಾಗಬೇಕಾದದ್ದು ಹಡಗು. ಹಡಗಿಗಿಂತ ಮೊದಲು ದಿನ. ಮನೆಯ ಹಿರಿಯರಿಗೆ ಇಂಗ್ಲಿಷ್ ತಾರೀಖು ನೆನಪಿರುವುದಿಲ್ಲ, ಶ್ರಾದ್ಧದ ತಿಥಿ ನೆನಪಿರುತ್ತದೆ. ಇದು ಚಿಕ್ಕ ಸುಳಿವಲ್ಲ. ಹಳೆಯ ಪಂಚಾಂಗದಲ್ಲಿ ಮಾಸ, ಪಕ್ಷ, ತಿಥಿ ಹಿಡಿದು ಹುಡುಕಿದರೆ ಪ್ರತಿ ವರ್ಷಕ್ಕೂ ಒಂದೇ ತಾರೀಖು ಉಳಿಯುತ್ತದೆ. ಅವನ್ನು ಹಡಗು ದುರಂತಗಳ ದಿನಗಳ ಜೊತೆ ಹೋಲಿಸಬಹುದು. ತಿಲಾವಾ ಮುಳುಗಿದ್ದು ಕಾರ್ತಿಕ ಹುಣ್ಣಿಮೆಯ ಆಸುಪಾಸಿನಲ್ಲಿ. ಮುಂಬೈಯಿಂದ ರೇವಸ್‌ಗೆ ಹೊರಟಿದ್ದ ರಾಮದಾಸ್ ಎಂಬ ಸ್ಟೀಮರು 1947ರ ಜುಲೈ 17ರಂದು ಮಗುಚಿ ಆರುನೂರಕ್ಕೂ ಹೆಚ್ಚು ಜನ ಸತ್ತಾಗ ಆಷಾಢದ ಅಮಾವಾಸ್ಯೆ. ನಮ್ಮಲ್ಲಿ ಭೀಮನ ಅಮಾವಾಸ್ಯೆ ಎನ್ನುವ ದಿನವದು. ಹಬ್ಬಕ್ಕೆ ಊರಿಗೆ ಹೊರಟವರಿಂದ ಸ್ಟೀಮರು ತುಂಬಿತ್ತು.

ನಿಗದಿತ ತಿಥಿ ಇಲ್ಲದೆ ಮಹಾಲಯ ಅಮಾವಾಸ್ಯೆಯಂದು ಮಾತ್ರ ಎಡೆ ಇಡುವ ಪದ್ಧತಿ ಇದ್ದರೆ ಅದೂ ಒಂದು ಮಾಹಿತಿಯೇ. ಸಾವಿನ ದಿನ ಮನೆಯವರಿಗೆ ತಿಳಿಯಲಿಲ್ಲ ಎಂದು ಅದು ಹೇಳುತ್ತಿರಬಹುದು. ಮುಸ್ಲಿಂ ಮನೆಗಳಲ್ಲಿ ಹಿಜರಿ ತಿಂಗಳ ದಿನ, ಕ್ರೈಸ್ತ ಮನೆಗಳಲ್ಲಿ ಮೃತರ ಹೆಸರಿನ ಪೂಜೆ ಯಾವ ತಿಂಗಳಲ್ಲಿ ಮಾಡಿಸುತ್ತಾರೆ ಎಂಬುದು ಇದೇ ಕೆಲಸಕ್ಕೆ ಬರುತ್ತದೆ.

ಹಡಗಿನ ಹೆಸರು ನೆನಪಿದ್ದರೂ ಎಚ್ಚರ ಬೇಕು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಒಂದೇ ಹೆಸರನ್ನು ಮತ್ತೆ ಮತ್ತೆ ಬಳಸುತ್ತಿತ್ತು. ‘ಕರಂಜಾ’ವನ್ನೇ ನೋಡಿ. ಮೊದಲನೆಯ ಕರಂಜಾ ಯುದ್ಧದ ಕೆಲಸಕ್ಕೆ ಹೋಗಿ 1942ರ ನವೆಂಬರ್‌ನಲ್ಲಿ ಅಲ್ಜೀರಿಯಾ ಕರಾವಳಿಯಲ್ಲಿ ಬಾಂಬು ದಾಳಿಗೆ ನಾಶವಾಯಿತು. 1948ರಲ್ಲಿ ಅದೇ ಹೆಸರಿನ ಹೊಸ ಹಡಗು ಬಂದು ಮುಂಬೈ–ಆಫ್ರಿಕಾ ದಾರಿಯಲ್ಲಿ 1970ರ ದಶಕದವರೆಗೂ ಓಡಾಡಿತು. ‘ನಮ್ಮವರು ಕರಂಜಾದಲ್ಲಿ ಹೋದವರು’ ಎಂಬ ಮಾತು ಕೇಳಿದ ತಕ್ಷಣ ಮುಳುಗಿದ ಕರಂಜಾದ ಜೊತೆ ಗಂಟು ಹಾಕಿದರೆ ಇಡೀ ಹುಡುಕಾಟ ದಾರಿ ತಪ್ಪುತ್ತದೆ. ಹೆಸರು, ವರ್ಷ, ದಾರಿ ಮೂರೂ ಹೊಂದಿದರೆ ಮಾತ್ರ ಮುಂದೆ ಹೋಗಬೇಕು.

ಖಲಾಸಿಯೋ ಪ್ರಯಾಣಿಕನೋ

ಹಡಗು ಗೊತ್ತಾದ ಮೇಲೆ ಕೇಳಬೇಕಾದ ಪ್ರಶ್ನೆ ಇದೊಂದೇ. ಇದಕ್ಕೆ ಉತ್ತರ ಸಿಕ್ಕಿದರೆ ಯಾವ ಬಾಗಿಲು ಬಡಿಯಬೇಕು ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಹಡಗಿನ ಕೆಲಸಗಾರನಾಗಿದ್ದು ಎರಡನೇ ಮಹಾಯುದ್ಧದಲ್ಲಿ ಶತ್ರು ದಾಳಿಗೆ ಸತ್ತಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿ ಮೊದಲ ಆಸರೆ. ಅದನ್ನು ಮನೆಯಲ್ಲೇ ಕೂತು ಹಣ ಕೊಡದೆ ನೋಡಬಹುದು. ಕಡಲನ್ನು ಬಿಟ್ಟರೆ ಬೇರೆ ಸಮಾಧಿ ಇಲ್ಲದ ಅವಿಭಜಿತ ಭಾರತದ ಸುಮಾರು 6,000 ವ್ಯಾಪಾರಿ ನಾವಿಕರ ಮತ್ತು ನೌಕಾದಳದ 400ಕ್ಕೂ ಹೆಚ್ಚು ಜನರ ಹೆಸರುಗಳು ಮುಂಬೈ ಮತ್ತು ಚಿತ್ತಗಾಂಗ್‌ನ ಯುದ್ಧ ಸ್ಮಾರಕಗಳ ಗೌರವ ಪುಸ್ತಕದಲ್ಲಿವೆ. ಮುಂಬೈಯ ಸ್ಮಾರಕ ಇರುವುದು ಮಸ್ಜಿದ್ ಬಂದರಿನ ಕಡೆಯ ಇಂಡಿಯನ್ ಸೈಲರ್ಸ್ ಹೋಮ್‌ನಲ್ಲಿ. ಎಷ್ಟೋ ಹೆಸರುಗಳ ಮುಂದೆ ಹುದ್ದೆ, ಹಡಗು, ತಂದೆಯ ಹೆಸರು, ಊರು ಬರೆದಿರುತ್ತದೆ. ಮನೆತನದ ಇತಿಹಾಸ ಹುಡುಕುವವರಿಗೆ ಆ ತಂದೆಯ ಹೆಸರಿನ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ.

ಈ ಪಟ್ಟಿಯಲ್ಲಿ ಹೆಸರು ಹಾಕಿ ಹುಡುಕಿ, ಸಿಗಲಿಲ್ಲ ಎಂದು ಬಿಟ್ಟುಬಿಡುವವರೇ ಹೆಚ್ಚು. ಹೆಸರಿನ ಬದಲು ಸಾವಿನ ದಿನ ಹಾಕಿ ಹುಡುಕುವುದು ಒಳ್ಳೆಯದು. ಆ ದಿನದ ವ್ಯಾಪಾರಿ ನಾವಿಕರ ಪಟ್ಟಿಯನ್ನು ಪೂರ್ತಿ ತೆಗೆದು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಬೇಕು. ಕಾರಣ ಸ್ಪೆಲ್ಲಿಂಗು. ಬಂದರಿನ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ. ಗೌಡ ಎಂಬುದನ್ನು ‘ಜಿ-ಒ-ಡಬ್ಲ್ಯು’ ಎಂದೂ ‘ಜಿ-ಎ-ಯು’ ಎಂದೂ ಬರೆಯುತ್ತಾರೆ, ಕೊನೆಯ ‘ಎ’ ಇದ್ದರೂ ಇದೆ, ಇಲ್ಲದಿದ್ದರೂ ಇಲ್ಲ. ಶೇಖ್, ಖಾರ್ವಿ, ಕೋಟ್ಯಾನ್ ಹೆಸರುಗಳ ಪಾಡೂ ಇದೇ. ಕಣ್ಣಿಗೆ ಸಿಗದ ಹೆಸರು ಬಾಯಿಬಿಟ್ಟು ಓದಿದಾಗ ಕಿವಿಗೆ ಸಿಗುತ್ತದೆ.

ಇಂಥ ನಾವಿಕರನ್ನು ಜಗತ್ತು ಬೇಗ ಮರೆಯಿತು. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೊಗೆ ಮುಳುಗಿದ ಸಿಟಿ ಆಫ್ ಬೆನಾರಸ್ ಹಡಗು ಬ್ರಿಟನ್ನಿನಲ್ಲಿ ಮನೆಮಾತು. ಯುದ್ಧದಿಂದ ದೂರ ಕೆನಡಾಕ್ಕೆ ಕಳುಹಿಸುತ್ತಿದ್ದ 90 ಮಕ್ಕಳಲ್ಲಿ 77 ಮಕ್ಕಳು ಅದರಲ್ಲಿ ಸತ್ತರು. ಅದೇ ಹಡಗಿನಲ್ಲಿ ನೂರರಷ್ಟು ಭಾರತೀಯ ಖಲಾಸಿಗಳೂ ಸತ್ತರು.  ಅವರ ಕುಟುಂಬಗಳ ಕಥೆ ಇನ್ನೂ ಬರೆಯಬೇಕಾಗಿದೆ.

ಮುಂದಿನ ಹಂತ ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ. ಅಲ್ಲಿ ಕಡತಗಳನ್ನು ಅಕ್ಷರ ಮತ್ತು ಸಂಖ್ಯೆಯ ಸರಣಿಗಳಾಗಿ ಇಟ್ಟಿದ್ದಾರೆ. ‘ಬಿಟಿ 381’ ಎರಡನೇ ಯುದ್ಧಕಾಲದ ಸಿಬ್ಬಂದಿ ಒಪ್ಪಂದಗಳು. ‘ಬಿಟಿ 389’ ಹಡಗುಗಳ ಓಡಾಟದ ಕಾರ್ಡುಗಳು. ‘ಬಿಟಿ 334’ರಲ್ಲಿ 1891ರಿಂದ 1972ರವರೆಗೆ ಸಮುದ್ರದಲ್ಲಿ ಸತ್ತ ನಾವಿಕರು ಮತ್ತು ಪ್ರಯಾಣಿಕರ ದಾಖಲೆ ಇದೆ. ಆ ಯುದ್ಧಕ್ಕಿಂತ ಹಳೆಯ ಸಿಬ್ಬಂದಿ ಒಪ್ಪಂದಗಳು ಬೇಕಿದ್ದರೆ ಕೆನಡಾದ ಕಡೆ ನೋಡಬೇಕು. 1863ರಿಂದ 1938ರವರೆಗಿನ ಬ್ರಿಟಿಷ್ ಹಡಗುಗಳ ಸಿಬ್ಬಂದಿ ಒಪ್ಪಂದಗಳಲ್ಲಿ ಸುಮಾರು ಶೇ. 70ರಷ್ಟು ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಭಾರತೀಯ ಖಲಾಸಿಗಳ ಪಟ್ಟಿಗಳು ಎಲ್ಲ ಕಡೆಯೂ ಉಳಿದಿಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ವಾಸಿ.

ಕಾಪಾಡಲು ಬಂದ ಹಡಗನ್ನು ಮರೆಯಬಾರದು. ತಿಲಾವಾದ ಬಗ್ಗೆ ಹುಡುಕುವವರು ‘ತಿಲಾವಾ’ ಎಂದು ಮಾತ್ರ ಹುಡುಕಿದರೆ ಅರ್ಧ ಕಥೆ ತಪ್ಪುತ್ತದೆ. ನವೆಂಬರ್ 20ರಂದು ಮುಂಬೈ ಬಿಟ್ಟ ಹಡಗಿಗೆ 23ರ ನಸುಕಿನಲ್ಲಿ, ಸೀಶೆಲ್ಸ್ ದ್ವೀಪಗಳಿಂದ ಈಶಾನ್ಯಕ್ಕೆ 900 ಮೈಲಿಗೂ ದೂರದಲ್ಲಿ, ಮೊದಲ ಟಾರ್ಪೆಡೊ ಬಡಿಯಿತು. ಜನ ದೋಣಿಗಳಿಗೆ ನುಗ್ಗಿದರು. ಆ ನೂಕುನುಗ್ಗಲಲ್ಲೇ ಹಲವರು ಸತ್ತರು. ಹಡಗು ತಕ್ಷಣ ಮುಳುಗಲಿಲ್ಲ. ಇನ್ನೂ ತೇಲುತ್ತಿದೆಯಲ್ಲ ಎಂದು ಕೆಲವರು ಮರಳಿ ಹತ್ತುವಷ್ಟರಲ್ಲಿ ಎರಡನೆಯ ಟಾರ್ಪೆಡೊ ಬಡಿದು ಹಡಗು ತಳ ಸೇರಿತು. ರೇಡಿಯೊ ಅಧಿಕಾರಿ ಇ. ಬಿ. ಡಂಕನ್ ಕೊನೆಯವರೆಗೂ ತಂತಿಯ ಮುಂದೆ ಕೂತು ಸಂದೇಶ ಕಳುಹಿಸುತ್ತಲೇ ಇದ್ದು ಹಡಗಿನೊಂದಿಗೆ ಹೋದರು. ದೋಣಿ, ತೆಪ್ಪಗಳಲ್ಲಿ ಎರಡು ದಿನ ತೇಲಿದವರನ್ನು ಎಚ್.ಎಂ.ಎಸ್. ಬರ್ಮಿಂಗ್‌ಹ್ಯಾಮ್ ಎಂಬ ಯುದ್ಧನೌಕೆ ಎತ್ತಿಕೊಂಡಿತು. ನಾಲ್ವರು ನಾವಿಕರು ಕಾರ್ತೇಜ್ ಎಂಬ ಇನ್ನೊಂದು ಹಡಗಿಗೆ ಸಿಕ್ಕರು. ಒಟ್ಟು 678 ಜನ ಬದುಕಿದರು. ಬರ್ಮಿಂಗ್‌ಹ್ಯಾಮ್ ತಾನು ಎತ್ತಿಕೊಂಡವರನ್ನು 27ರಂದು ಮುಂಬೈಗೆ ತಂದಿಳಿಸಿತು. ಹೀಗಾಗಿ ಬರ್ಮಿಂಗ್‌ಹ್ಯಾಮ್‌ನ ಲಾಗ್ ಪುಸ್ತಕವೂ ತಿಲಾವಾದ ದಾಖಲೆಯೇ. ಯುದ್ಧನೌಕೆಗಳ ಲಾಗ್‌ಗಳು ಕ್ಯೂನಲ್ಲಿ ‘ಎಡಿಎಂ 53’ ಸರಣಿಯಲ್ಲಿವೆ.

ದಾಳಿ ಮಾಡಿದ ಜಲಾಂತರ್ಗಾಮಿ ಐ-29. ಐದು ತಿಂಗಳ ನಂತರ, 1943ರ ಏಪ್ರಿಲ್ ಕೊನೆಯಲ್ಲಿ, ಜರ್ಮನಿಯಿಂದ ಬಂದ ಸುಭಾಷ್‌ಚಂದ್ರ ಬೋಸರನ್ನು ಮಡಗಾಸ್ಕರ್ ಬಳಿಯ ಸಮುದ್ರದಲ್ಲಿ ಹತ್ತಿಸಿಕೊಂಡದ್ದೂ ಇದೇ ಐ-29. ಬೋಸರ ಪ್ರಯಾಣದ ಬಗ್ಗೆ ಪುಸ್ತಕಗಳು ಬಂದಿವೆ. ಅದೇ ನೌಕೆ ಮುಳುಗಿಸಿದ ಭಾರತೀಯರ ಬಗ್ಗೆ ಹುಡುಕುವವರಿಗೆ ಆ ಪುಸ್ತಕಗಳಲ್ಲಿನ ನೌಕೆಯ ವಿವರವೂ ಉಪಯೋಗಕ್ಕೆ ಬರುತ್ತದೆ.

ಪ್ರಯಾಣಿಕರ ಹುಡುಕಾಟ ಇದಕ್ಕಿಂತ ಕಷ್ಟ. ಒಳನಾಡು, ಕರಾವಳಿ ಸ್ಟೀಮರುಗಳಲ್ಲಿ ಟಿಕೆಟು ಹರಿದು ಕೊಡುವುದಷ್ಟೇ ಪದ್ಧತಿ, ಹೆಸರು ಬರೆಯುವವರಿರಲಿಲ್ಲ. ದೂರದ ಹಡಗುಗಳಲ್ಲಿಯೂ ಡೆಕ್ಕಿನ ಪ್ರಯಾಣಿಕರ ಪಟ್ಟಿ ಹಡಗಿನೊಂದಿಗೇ ಹೋಗುವುದುಂಟು. ಇಂಥ ಕಡೆ ಪ್ರಯಾಣಿಕ ಹೋಗಿ ಸೇರಬೇಕಾಗಿದ್ದ ಊರಿನ ಕಡತ ಹುಡುಕಬೇಕು. ತಿಲಾವಾ ಮೊಂಬಾಸಾ, ಮಾಪುಟೊ, ಡರ್ಬನ್ ಕಡೆಗೆ ಹೊರಟಿತ್ತು. ಡರ್ಬನ್‌ನಲ್ಲಿ ಅಂಗಡಿಯೋ ಮನೆಯೋ ಇದ್ದವನು ಸತ್ತರೆ ಅವನ ಆಸ್ತಿಯ ಕಡತವೊಂದು ತೆರೆದಿರುತ್ತದೆ. ಅಂಥ ಹಳೆಯ ಕಡತಗಳು ಪೀಟರ್‌ಮಾರಿಟ್ಸ್‌ಬರ್ಗ್‌ನ ಪತ್ರಾಗಾರದಲ್ಲಿವೆ. ಅದರೊಳಗಿನ ಮರಣ ಸೂಚನೆಯ ನಮೂನೆಯಲ್ಲಿ ತಂದೆ-ತಾಯಿ, ಹುಟ್ಟೂರು, ಹೆಂಡತಿ, ಮಕ್ಕಳ ಹೆಸರು ತುಂಬಬೇಕಿತ್ತು. ಊರಲ್ಲಿ ಯಾರಿಗೂ ಗೊತ್ತಿಲ್ಲದ ಇನ್ನೊಂದು ಸಂಸಾರ ಅಲ್ಲಿ ಪತ್ತೆಯಾಗುವುದೂ ಇದೆ. ಅಂಥದ್ದು ಸಿಕ್ಕಿದರೆ ಎರಡೂ ಕಡೆಯ ಜನರ ಮನಸ್ಸು ನೋಯದಂತೆ ಹೇಳುವ ಹೊಣೆ ಹುಡುಕಿದವರದು. ಕೀನ್ಯಾದ ಕಡೆಯಾದರೆ ಅಲ್ಲಿನ ಸರ್ಕಾರಿ ಗೆಜೆಟ್ ನೋಡಬೇಕು. ಸತ್ತವರ ಆಸ್ತಿಯ ವಾರಸು ನೋಟಿಸುಗಳು ಅದರಲ್ಲಿ ಅಚ್ಚಾಗುತ್ತಿದ್ದವು. ಹಳೆಯ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಓದಲು ಸಿಗುತ್ತವೆ.

ಪತ್ರಿಕೆಗಳಲ್ಲಿ ಹುಡುಕುವಾಗ ಒಂದು ವಿಷಯ. ಯುದ್ಧಕಾಲದಲ್ಲಿ ಹಡಗು ಮುಳುಗಿದ ಸುದ್ದಿಗೆ ಸೆನ್ಸಾರ್ ಇತ್ತು. ದುರಂತದ ಮರುದಿನದ ಪತ್ರಿಕೆಯಲ್ಲಿ ಏನೂ ಇಲ್ಲವೆಂದು ಕೈಬಿಡದೆ ಮುಂದಿನ ವಾರಗಳ, ತಿಂಗಳುಗಳ ಸಂಚಿಕೆ ತಿರುವಬೇಕು. ಸುದ್ದಿಯ ಪುಟಕ್ಕಿಂತ ಶ್ರದ್ಧಾಂಜಲಿ, ವಾರಸು ನೋಟಿಸು, ಸಮಾಜದ ಸಭೆಗಳ ವರದಿಗಳಲ್ಲಿ ಹೆಸರು ಸಿಗುತ್ತದೆ.

ಊರಿನ ಕಾಗದ

ಇಷ್ಟೆಲ್ಲ ಮಾಡಿಯೂ ಹಡಗಿನ ಯಾವ ಪಟ್ಟಿಯಲ್ಲೂ ಹೆಸರು ಸಿಗದೇ ಹೋಗಬಹುದು. ಹೆಚ್ಚಿನವರು ನಿಲ್ಲುವುದು ಅಲ್ಲಿ. ನಿಜವಾಗಿ ಫಲ ಕೊಡುವ ಹುಡುಕಾಟ ಶುರುವಾಗಬೇಕಾದದ್ದೂ ಅಲ್ಲಿಂದಲೇ. ಮನುಷ್ಯ ಸತ್ತದ್ದು ಕಡಲಿನಲ್ಲಿ, ಆದರೆ ಅವನ ಸಾಲ, ಗದ್ದೆ, ಹೆಂಡತಿ, ಮಕ್ಕಳು ಇದ್ದದ್ದು ಊರಲ್ಲಿ. ಅವನು ಬರದೇ ಹೋದದ್ದರಿಂದ ಊರಿನ ಪ್ರತಿ ಕಡತದಲ್ಲೂ ಏನಾದರೊಂದು ಬದಲಾಗಿರುತ್ತದೆ.

ಹೆಣ ಸಿಗದ ಸಾವಿಗೆ ಕಾನೂನು ಏಳು ವರ್ಷದ ಲೆಕ್ಕ ಇಟ್ಟಿದೆ. ಇದ್ದಿದ್ದರೆ ಸಹಜವಾಗಿ ಸುದ್ದಿ ತಲುಪುತ್ತಿದ್ದ ಜನರಿಗೆ ಏಳು ವರ್ಷ ಏನೂ ಸುದ್ದಿ ಬರದಿದ್ದರೆ, ಅವನು ಬದುಕಿದ್ದಾನೆಂದು ಸಾಧಿಸುವ ಭಾರ ಹಾಗೆ ಹೇಳುವವರ ಮೇಲೆ ಬೀಳುತ್ತದೆ. 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಮು. ಇದರಿಂದ ಹುಡುಕುವವರಿಗೆ ಸಿಗುವ ಪಾಠ ನೇರವಾಗಿದೆ. 1942ರಲ್ಲಿ ಕಾಣೆಯಾದವನ ಖಾತೆ ಬದಲಾವಣೆಯನ್ನು 1942–43ರಲ್ಲಿ ಮಾತ್ರ ಹುಡುಕದೆ 1949–50ರ ಸುತ್ತಮುತ್ತಲೂ ಹುಡುಕಬೇಕು. ತಾಲ್ಲೂಕು ಕಚೇರಿಯಲ್ಲಿ ಮ್ಯುಟೇಷನ್ ರಿಜಿಸ್ಟರಿನ ಪೌತಿ ಖಾತೆಯ ನಮೂದು, ಕೆಲವು ಕಡೆ ‘ವಾರಸಾ’ ಎಂದು ಕರೆಯುವ ನಮೂದು ಸಿಕ್ಕಿದರೆ ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರ ಹೆಸರು ಒಂದೇ ಕಡೆ ಸಿಕ್ಕಂತೆ. ಸಿವಿಲ್ ಕೋರ್ಟಿನ ಹಳೆಯ ವಿಭಾಗ ದಾವೆಗಳೂ ಇದೇ ರೀತಿ ವಂಶಾವಳಿಯ ಗಣಿ.

ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಇದೇ ದಾರಿ ಹಿಡಿದರೆ ನಿರಾಶೆ ಆಗುತ್ತದೆ. ಆಸ್ತಿ ಕುಟುಂಬದ ಯಜಮಾನನ ಹೆಸರಿನಲ್ಲಿ ಇರುತ್ತಿತ್ತು, ತಾಯಿಯ ಕಡೆಯಿಂದ ಹರಿಯುತ್ತಿತ್ತು. ಸತ್ತವನ ಮಕ್ಕಳ ಹೆಸರಿಗೆ ಏನೂ ಬರುತ್ತಿರಲಿಲ್ಲ. ಅಂಥ ಕಡೆ ಅವನ ತಾಯಿಯ ಮತ್ತು ಅಕ್ಕತಂಗಿಯರ ಹೆಸರು ಹಿಡಿದು ಹೋಗಬೇಕು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ನಂತರ ಆದ ಪಾಲುಪಟ್ಟಿಗಳಲ್ಲಿ ಇಡೀ ‘ಕವರು’, ಅಂದರೆ ತಾಯಿವಂಶದ ಕವಲಿನ, ಸದಸ್ಯರ ಹೆಸರು ಸಿಗುವ ಸಾಧ್ಯತೆ ಹೆಚ್ಚು.

ಎರಡೂ ಕನ್ನಡ ಜಿಲ್ಲೆಗಳ ಹಳೆಯ ಸರ್ಕಾರಿ ಕಡತಗಳು ಒಂದೇ ಕಡೆ ಇಲ್ಲ ಎಂಬುದನ್ನೂ ಗಮನಿಸಬೇಕು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನಲ್ಲೇ ಉಳಿಯಿತು. ಕಾರವಾರದ ಅಜ್ಜನ ಕಾಗದ ಮುಂಬೈಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ, ಮಲ್ಪೆಯ ಅಜ್ಜನದು ಚೆನ್ನೈಯ ಎಗ್ಮೋರಿನಲ್ಲಿ ಇರಬಹುದು. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಕಡತಗಳನ್ನು ‘ಅಭಿಲೇಖ್ ಪಟಲ್’ ಎಂಬ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು.

ಶಾಲೆಯ ದಾಖಲಾತಿ ಪುಸ್ತಕವನ್ನು ಯಾರೂ ನೆನೆಯುವುದಿಲ್ಲ. ನೂರು ವರ್ಷ ದಾಟಿದ ಸರ್ಕಾರಿ ಶಾಲೆಗಳು ಕರಾವಳಿಯಲ್ಲಿ ಬೇಕಾದಷ್ಟಿವೆ. ಹಿರಿಯ ಮಗನ ಸಾಲಿನಲ್ಲಿ ತಂದೆಯ ಹೆಸರಿದ್ದು, ಎರಡು ವರ್ಷದ ನಂತರ ಸೇರಿದ ಕಿರಿಯವನ ಸಾಲಿನಲ್ಲಿ ಪೋಷಕರು ಎಂದು ಸೋದರಮಾವನ ಹೆಸರು ಬಂದಿದ್ದರೆ, ಆ ಎರಡು ವರ್ಷಗಳ ನಡುವೆ ಮನೆಯಲ್ಲಿ ಏನೋ ನಡೆದಿದೆ. ಇಗರ್ಜಿಯ ವಿವಾಹ ಪುಸ್ತಕದಲ್ಲಿ ‘ಇಂಥವನ ವಿಧವೆ’ ಎಂಬ ಮಾತು ಸಿಕ್ಕಿದರೆ ಸಾವನ್ನು ಆ ದಿನದೊಳಗೆ ಪಾದ್ರಿಗಳು ಒಪ್ಪಿದ್ದರು ಎಂದೇ ಅರ್ಥ. ಉತ್ತರ ಕರ್ನಾಟಕದ ಮನೆಗಳಿಗಾದರೆ ಎತ್ತಿನ ಮೇಲೆ ಬಂದು ವಂಶಾವಳಿ ಓದುವ ಹೆಳವರಿದ್ದಾರೆ. ಅವರ ಪುಸ್ತಕದಲ್ಲಿ ಊರು ಬಿಟ್ಟು ಹೋದವರ ಕವಲೂ ಇರುತ್ತದೆ. ಮುಂದಿನ ಸಲ ಬಂದಾಗ ಓದಿಸಿ ಕೇಳಿ, ಮನೆಯವರು ಬರೆದುಕೊಳ್ಳಬೇಕು.

ಹೇಳಿಕೆಯ ಕಥೆಗಳನ್ನು ತಳ್ಳಿಹಾಕಬಾರದು, ಲೆಕ್ಕಕ್ಕೆ ಮಾತ್ರ ಅವನ್ನು ನಂಬಬಾರದು. 1888ರ ನವೆಂಬರ್‌ನಲ್ಲಿ ಕಚ್ಛದ ಮಾಂಡವಿಯಿಂದ ಮುಂಬೈಗೆ ಹೊರಟ ವೈತರಣಾ ಎಂಬ ಹಡಗು ಸೌರಾಷ್ಟ್ರದ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಸುಳಿವಿಲ್ಲದಂತೆ ಹೋಯಿತು. ಒಬ್ಬರೂ ಬದುಕಲಿಲ್ಲ. ವಿದ್ಯುದ್ದೀಪಗಳಿದ್ದ ಈ ಹಡಗನ್ನು ಜನ ‘ವೀಜಳಿ’ ಎಂದೇ ಕರೆಯುತ್ತಿದ್ದರು. ಮದುವೆಯ ದಿಬ್ಬಣಗಳಿದ್ದವು, ಮೆಟ್ರಿಕ್ ಪರೀಕ್ಷೆಗೆ ಹೊರಟ ಹುಡುಗರಿದ್ದರು ಎಂದು ಗುಜರಾತಿ ಪದಗಳು ಹಾಡುತ್ತವೆ. ಸತ್ತವರು 1,300ಕ್ಕೂ ಹೆಚ್ಚು ಎಂದು ಪದಗಳಲ್ಲಿದ್ದರೆ ಸರ್ಕಾರಿ ದಾಖಲೆ ಹೇಳುವುದು 750ರೊಳಗೆ. ಯಾವ ಊರಿನ ದಿಬ್ಬಣ, ಯಾವ ಮನೆಯ ಹುಡುಗ ಎಂಬುದಕ್ಕೆ ಪದವೇ ದಾರಿ, ಸಂಖ್ಯೆಗೆ ದಾಖಲೆಯೇ ದಾರಿ. ಮನೆಯ ಅಜ್ಜಿಯ ಕಥೆಯನ್ನೂ ಹಾಗೆಯೇ ಓದಬೇಕು.

ಈ ಕೆಲಸ ಹಳೆಯ ಕಾಲದ್ದು ಮಾತ್ರವಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮೀನುಗಾರರನ್ನು ಹೊತ್ತು ಹೊರಟ ‘ಸುವರ್ಣ ತ್ರಿಭುಜ’ ದೋಣಿ ಮರಳಿ ಬರಲಿಲ್ಲ. ಅದರ ಅವಶೇಷ ಪತ್ತೆಯಾದದ್ದು 2019ರ ಮೇನಲ್ಲಿ, ಮಾಲ್ವಣದ ಆಚೆಯ ಸಮುದ್ರದಲ್ಲಿ, ನೌಕಾದಳದ ಐ.ಎನ್.ಎಸ್. ನಿರೀಕ್ಷಕ್ ನಡೆಸಿದ ಶೋಧದಲ್ಲಿ. ಅದೇ 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅಂಥ ಮನೆಗಳ ಮಕ್ಕಳು ಮುಂದೊಂದು ದಿನ ಕೇಳುತ್ತಾರೆ. ಮರಣ ಪ್ರಮಾಣಪತ್ರ, ಪೊಲೀಸ್ ದೂರಿನ ಪ್ರತಿ, ಪರಿಹಾರದ ಆದೇಶ, ದೋಣಿಯ ನೋಂದಣಿ ಸಂಖ್ಯೆ, ಅಂದಿನ ಪತ್ರಿಕೆಯ ತುಣುಕು ಇಷ್ಟನ್ನು ಒಂದು ಕವರಿನಲ್ಲಿ ಹಾಕಿ, ದೋಣಿಯಲ್ಲಿದ್ದ ಎಲ್ಲರ ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಬರೆದಿಡುವುದು ದೊಡ್ಡ ಉಪಕಾರ.

ಹಳೆಯ ಹಡಗಿನ ಹಿಂದೆ ಹೊರಡುವವರಿಗೆ ಒಂದೇ ಮನವಿ. ಪತ್ರಾಗಾರಕ್ಕೆ ಅರ್ಜಿ ಹಾಕುವ ಮೊದಲು ಮನೆಯ ಅತಿ ಹಿರಿಯ ದೊಡ್ಡಮ್ಮನನ್ನೋ ಅತ್ತೆಯನ್ನೋ ಕಂಡು ಕೇಳಿ: ಅವರು ಹೋದಾಗ ಯಾರ ಮದುವೆ ಆಗಿತ್ತು, ಯಾವ ಮಗು ಹೊಟ್ಟೆಯಲ್ಲಿತ್ತು, ಊರಿನಿಂದ ಜೊತೆಗೆ ಹೋದ ಇನ್ನೊಬ್ಬರು ಯಾರು? ಹೇಳಿದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಅದೇ ದಿನ ಕಾಗದದ ಮೇಲೂ ಇಳಿಸಿಕೊಳ್ಳಿ. ಜೊತೆಗೆ ಹೋದ ಆ ಇನ್ನೊಬ್ಬರ ಮನೆಯನ್ನು ಆಮೇಲೆ ಹುಡುಕಿ. ನಿಮ್ಮ ಮನೆಯಲ್ಲಿ ಇಲ್ಲದ ಕಾಗದ ಅವರ ಪೆಟ್ಟಿಗೆಯಲ್ಲಿ ಇರಬಹುದು.